ಹರೆಯದಲ್ಲೇ ಹಲ್ಲು ಕಳೆದುಕೊಂಡವರ ಒಡಹುಟ್ಟಿದವರಿಗೆ ಒಂದು ಬಹಿರಂಗ ಪತ್ರ



ವಸಡಿನ ರೋಗದಿಂದಾಗಿ ಮೂವತ್ತೈದು ತುಂಬುವ ಮೊದಲೇ ಹಲ್ಲು ಕಳೆದುಕೊಂಡವರ ಅಣ್ಣತಮ್ಮಂದಿರು, ಅಕ್ಕತಂಗಿಯರು ಮತ್ತು ಮಕ್ಕಳನ್ನು ಉದ್ದೇಶಿಸಿ ಈ ಪತ್ರವನ್ನು ಬರೆಯಲಾಗಿದೆ. ರೋಗಿಗಳನ್ನು ಬಿಟ್ಟು ಅವರ ಒಡಹುಟ್ಟಿದವರಿಗೆ ಬರೆಯುವುದು ವಿಚಿತ್ರವೆನಿಸಬಹುದಾದರೂ ಅದಕ್ಕೆ ಕಾರಣವಿದೆ. ದಂತವೈದ್ಯರ ಬಳಿಗೆ ಹೋದ ರೋಗಿಗೆ ತನ್ನ ರೋಗದ ಅರಿವಾಗಿರುತ್ತದೆ. ಆದರೆ ಅದೇ ತಾಯಿತಂದೆಯರಿಗೆ ಹುಟ್ಟಿ, ಅದೇ ಮನೆಯಲ್ಲಿ ಬೆಳೆದು, ನೋವಾಗಲಿ ಊತವಾಗಲಿ ಇಲ್ಲದೆ ಓಡಾಡಿಕೊಂಡಿರುವ ತಮ್ಮನಿಗೋ ತಂಗಿಗೋ ತಮ್ಮ ವಸಡನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಬೇಕೆಂದು ಹೇಳುವವರು ವಿರಳ. ಅಂಥ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಚಾಲ್ತಿಯಲ್ಲಿರುತ್ತವೆ: ಹಲ್ಲು ಹೋದವನು ಸರಿಯಾಗಿ ಉಜ್ಜುತ್ತಿರಲಿಲ್ಲ ಎಂಬುದು ಒಂದು, ಇದು ತಮ್ಮ ವಂಶದಲ್ಲೇ ಇರುವುದರಿಂದ ಮಾಡುವುದಕ್ಕೇನೂ ಇಲ್ಲ ಎಂಬುದು ಇನ್ನೊಂದು. ಮೊದಲನೆಯದು ರೋಗಿಯ ತಲೆಗೆ ಅನಗತ್ಯ ಅಪವಾದವನ್ನು ಕಟ್ಟಿದರೆ, ಎರಡನೆಯದು ಉಳಿದವರ ಹಲ್ಲುಗಳನ್ನೂ ಅದೇ ದಾರಿಗೆ ಬಿಟ್ಟುಕೊಡುತ್ತದೆ. ಕಳೆದ ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಸಂಶೋಧನೆಯನ್ನು ಗಮನಿಸಿದರೆ, ವಂಶದಲ್ಲಿ ರೋಗವಿರುವುದು ಯಾರನ್ನು ಮೊದಲು ಪರೀಕ್ಷಿಸಬೇಕು ಎಂಬುದನ್ನು ತಿಳಿಸುವ ಸೂಚನೆಯೆಂದೂ, ಯಾರ ಹಲ್ಲು ಉಳಿಯದು ಎಂದು ಹೇಳುವ ತೀರ್ಪೆಂದು ಅದನ್ನು ಓದಬಾರದೆಂದೂ ತಿಳಿಯುತ್ತದೆ.

ಮೊದಲಿಗೆ ರೋಗದ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಹಲ್ಲಿಗೂ ವಸಡಿನ ಅಂಚಿಗೂ ನಡುವೆ ಸುತ್ತಲೂ ಒಂದು ಕಿರಿದಾದ ಸಂದು ಇರುತ್ತದೆ. ಆರೋಗ್ಯವಂತರಲ್ಲಿ ಅದರ ಆಳ ಮೂರು ಮಿಲಿಮೀಟರನ್ನು ಮೀರುವುದಿಲ್ಲ. ಹಲ್ಲಿನ ಮೇಲೆ ಪ್ರತಿದಿನವೂ ಕೂರುವ ಸೂಕ್ಷ್ಮಜೀವಿಗಳ ತೆಳುಪದರ, ಅಂದರೆ ಪಾಚಿ ಅಥವಾ ಪ್ಲಾಕ್, ಈ ಸಂದಿಯ ಬಾಯಲ್ಲಿ ಉಳಿದುಕೊಂಡರೆ ವಸಡು ಕೆಂಪಾಗಿ, ಉಬ್ಬಿ, ಉಜ್ಜುವಾಗ ರಕ್ತ ಒಸರುತ್ತದೆ. ಈ ಹಂತಕ್ಕೆ ಜಿಂಜಿವೈಟಿಸ್ ಎಂದು ಹೆಸರು, ಇದು ಪೂರ್ತಿಯಾಗಿ ವಾಸಿಯಾಗುವಂಥದು. ಉರಿಯೂತವು ಇನ್ನೂ ಕೆಳಕ್ಕಿಳಿದು, ಹಲ್ಲನ್ನು ದವಡೆಯ ಮೂಳೆಗೆ ಬಿಗಿದಿರುವ ನಾರುಗಳನ್ನೂ ಆ ಮೂಳೆಯನ್ನೂ ಕರಗಿಸತೊಡಗಿದಾಗ ಅದು ಪೆರಿಯೊಡಾಂಟೈಟಿಸ್ ಆಗುತ್ತದೆ. ಜನರು ಬಹುಕಾಲದಿಂದ ಪಯೋರಿಯ ಎಂದು ಕರೆಯುತ್ತ ಬಂದಿರುವುದು ಇದನ್ನೇ. ಕರಗಿದ ಮೂಳೆ ಬಹುಮಟ್ಟಿಗೆ ಮರಳಿ ಬೆಳೆಯುವುದಿಲ್ಲವಾದ್ದರಿಂದ ಈ ಎರಡು ಹಂತಗಳ ನಡುವಿನ ಗೆರೆಯನ್ನು ಯಾರು, ಯಾವಾಗ, ಏಕೆ ದಾಟುತ್ತಾರೆ ಎಂಬುದೇ ವಂಶವಾಹಿಗಳ ಮತ್ತು ರೋಗನಿರೋಧಕ ವ್ಯವಸ್ಥೆಯ ಕುರಿತ ಚರ್ಚೆಯ ತಿರುಳು.

ಮೊದಲನೆಯ ಹಂತಕ್ಕೆ ಪಾಚಿಯೇ ಕಾರಣ ಎಂಬುದು 1965ರಲ್ಲಿ ಡೆನ್ಮಾರ್ಕಿನ ಓರ್ಹೂಸ್ ನಗರದಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ನಡೆಸಿದ ಸರಳ ಪ್ರಯೋಗದಿಂದ ಸ್ಥಿರಪಟ್ಟಿತು. ಆರೋಗ್ಯವಂತ ವಸಡುಳ್ಳ ಹನ್ನೆರಡು ಮಂದಿ ಹಲ್ಲುಜ್ಜುವುದನ್ನು ಸಂಪೂರ್ಣವಾಗಿ ನಿಲ್ಲಿಸಿದಾಗ ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ವಸಡಿನಲ್ಲೂ ಉರಿಯೂತ ಕಾಣಿಸಿಕೊಂಡಿತು, ಮತ್ತೆ ಉಜ್ಜತೊಡಗಿದಾಗ ಅದು ಇಳಿದುಹೋಯಿತು. ಹನ್ನೆರಡರಲ್ಲಿ ಹನ್ನೆರಡು ಮಂದಿಯೂ ಒಂದೇ ರೀತಿ ಪ್ರತಿಕ್ರಿಯಿಸಿದ್ದರಿಂದ, ವಸಡಿನ ರೋಗವೆಂದರೆ ಸ್ವಚ್ಛತೆಯ ಲೋಪ, ಅಷ್ಟೇ, ಎಂಬ ಅಭಿಪ್ರಾಯ ವೈದ್ಯವಲಯದಲ್ಲೂ ಜನರಲ್ಲೂ ಬೇರೂರಿತು. ಅದನ್ನು ಅಲುಗಾಡಿಸಿದ ಅಧ್ಯಯನವೂ ಇದೇ ಲೋ ಅವರ ತಂಡದಿಂದಲೇ ಬಂದದ್ದು ವಿಜ್ಞಾನದ ಚರಿತ್ರೆಯಲ್ಲಿ ಗಮನಿಸತಕ್ಕ ಸಂಗತಿ.

ಆ ಅಧ್ಯಯನ ನಡೆದದ್ದು ಶ್ರೀಲಂಕಾದ ಚಹಾ ತೋಟಗಳಲ್ಲಿ. ಅಲ್ಲಿ ದುಡಿಯುತ್ತಿದ್ದ 480 ಮಂದಿ ತಮಿಳು ಗಂಡಾಳುಗಳನ್ನು 1970ರಿಂದ 1985ರವರೆಗೆ ಹಲವು ಬಾರಿ ಪರೀಕ್ಷಿಸಿ, 1986ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ಅವರಿಗೆ ದಂತವೈದ್ಯಕೀಯ ಸೌಲಭ್ಯವೇ ಇರಲಿಲ್ಲ. ಹಲ್ಲುಜ್ಜುವ ರೂಢಿಯೂ ಇರಲಿಲ್ಲ. ಎಲ್ಲರ ಹಲ್ಲಿನ ಮೇಲೂ ಪಾಚಿ ಮತ್ತು ಗಟ್ಟಿಯಾದ ಕಿಟ್ಟ ಧಾರಾಳವಾಗಿತ್ತು, ಎಲ್ಲರ ವಸಡಿನಲ್ಲೂ ಉರಿಯೂತವಿತ್ತು. ಹುಳುಕು ಮಾತ್ರ ಬಹಳ ಕಡಿಮೆಯಿದ್ದುದರಿಂದ ಹಲ್ಲು ಬಿದ್ದರೆ ಅದಕ್ಕೆ ವಸಡಿನ ರೋಗವೇ ಕಾರಣವೆಂದು ಹೇಳುವುದು ಸುಲಭವಾಗಿತ್ತು. (ಚಿಕಿತ್ಸೆ ತಲುಪದ ಬಡ ಕೂಲಿಕಾರರ ಬಾಯಿಯಲ್ಲಿ ರೋಗವು ತನ್ನಷ್ಟಕ್ಕೆ ಸಾಗುವುದನ್ನು ಹದಿನೈದು ವರ್ಷ ನೋಡುತ್ತ ಕೂರುವ ಅಧ್ಯಯನಕ್ಕೆ ಇಂದಿನ ನೈತಿಕ ಸಮಿತಿಗಳು ಒಪ್ಪಿಗೆ ಕೊಡುವುದು ಸಂದೇಹ, ಅದರ ಜ್ಞಾನದ ಫಲವನ್ನು ಉಣ್ಣುವವರು ಈ ಸಂಗತಿಯನ್ನು ಮರೆಯಬಾರದು.) ಇಷ್ಟು ಸಮಾನವಾದ ಅಸ್ವಚ್ಛತೆಯ ನಡುವೆಯೂ ಆ ಕೂಲಿಕಾರರ ಗತಿ ಒಂದೇ ಆಗಲಿಲ್ಲ. ನೂರಕ್ಕೆ ಸುಮಾರು 8 ಮಂದಿಯಲ್ಲಿ ರೋಗವು ವೇಗವಾಗಿ ಸಾಗಿ, ನಲವತ್ತೈದರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಹಲ್ಲುಗಳನ್ನೂ ಕಬಳಿಸಿತು; 81 ಮಂದಿಯಲ್ಲಿ ಮಧ್ಯಮ ಗತಿಯಲ್ಲಿ ಸಾಗಿತು; ಉಳಿದ 11 ಮಂದಿಯಲ್ಲಿ ವಸಡಿನ ಉರಿಯೂತವನ್ನು ಬಿಟ್ಟು ಮುಂದಕ್ಕೆ ಹೋಗಲೇ ಇಲ್ಲ. ಎಂದೂ ಹಲ್ಲುಜ್ಜದವರ ಪೈಕಿ ಹತ್ತರಲ್ಲಿ ಒಬ್ಬನ ಮೂಳೆ ಕರಗದೆ ಉಳಿದಿತ್ತೆಂದರೆ ಪಾಚಿಯ ಪ್ರಮಾಣಕ್ಕೂ ಹಾನಿಯ ಪ್ರಮಾಣಕ್ಕೂ ನಡುವೆ ದೇಹದ ಗುಣವೊಂದು ಕೆಲಸ ಮಾಡುತ್ತಿದೆ ಎಂದೇ ಅರ್ಥ. ಮನೆಯಲ್ಲಿ ಒಬ್ಬರ ಹಲ್ಲು ಮಾತ್ರ ಬಿದ್ದಾಗ ಅವರನ್ನು ಸೋಮಾರಿಯೆಂದು ಮೂದಲಿಸುವವರು ಈ 8, 81, 11ರ ಲೆಕ್ಕವನ್ನು ಒಮ್ಮೆ ನೋಡುವುದು ಒಳಿತು.

ಆ ಗುಣದಲ್ಲಿ ಎಷ್ಟು ಪಾಲು ಹುಟ್ಟಿನಿಂದ ಬಂದದ್ದು ಎಂಬುದನ್ನು ಅಂದಾಜಿಸಲು ಅವಳಿಗಳ ಅಧ್ಯಯನ ನೆರವಾಗುತ್ತದೆ. ಒಂದೇ ಅಂಡದಿಂದ ಹುಟ್ಟಿದ ಏಕರೂಪಿ ಅವಳಿಗಳ ವಂಶವಾಹಿಗಳು ಬಹುತೇಕ ಒಂದೇ ಆಗಿರುತ್ತವೆ. ಬೇರೆಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳು ಉಳಿದ ಒಡಹುಟ್ಟಿದವರಂತೆ ಸರಾಸರಿ ಅರ್ಧದಷ್ಟನ್ನು ಮಾತ್ರ ಹಂಚಿಕೊಂಡಿರುತ್ತಾರೆ. ಮೊದಲ ಗುಂಪಿನ ಜೋಡಿಗಳಲ್ಲಿ ರೋಗದ ಹೋಲಿಕೆ ಎರಡನೆಯದಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಳವನ್ನು ವಂಶವಾಹಿಗಳ ಲೆಕ್ಕಕ್ಕೆ ಹಾಕಬಹುದು. ಅಮೆರಿಕದಲ್ಲಿ ಬ್ರಯನ್ ಮೈಕಲೋವಿಚ್ ಮತ್ತು ಸಂಗಡಿಗರು 117 ಜೋಡಿ ವಯಸ್ಕ ಅವಳಿಗಳನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಪೆರಿಯೊಡಾಂಟೈಟಿಸಿನಲ್ಲಿ ಕಂಡುಬರುವ ವ್ಯತ್ಯಾಸದ ಸುಮಾರು ಅರ್ಧದಷ್ಟಕ್ಕೆ ಆನುವಂಶಿಕತೆ ಕಾರಣ. ಜಿಂಜಿವೈಟಿಸಿನಲ್ಲಿ ಮಾತ್ರ, ಸ್ವಚ್ಛತೆ ಮುಂತಾದ ಅಭ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಆನುವಂಶಿಕತೆಯ ಸುಳಿವು ಉಳಿಯಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಹೊರಬಂದ ವಿಶ್ಲೇಷಣೆಯಲ್ಲಿ ಅವಳಿಗಳಿಂದ ದೊರೆತ ಅಂದಾಜು ಶೇ. 38ಕ್ಕೂ, ಇತರ ಕುಟುಂಬ ಅಧ್ಯಯನಗಳಿಂದ ದೊರೆತದ್ದು ಶೇ. 15ಕ್ಕೂ ಇಳಿಯಿತು. ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಅಗತ್ಯ: ಅವು ಒಂದು ಜನಸಮುದಾಯದೊಳಗಿನ ವ್ಯತ್ಯಾಸವನ್ನು ಕುರಿತು ಹೇಳುತ್ತವೆಯೇ ಹೊರತು, ಒಬ್ಬ ವ್ಯಕ್ತಿಯ ರೋಗದಲ್ಲಿ ಅರ್ಧ ತಂದೆತಾಯಿಯದು, ಅರ್ಧ ತನ್ನದು ಎಂದು ಪಾಲು ಹಂಚುವುದಿಲ್ಲ.

ಹಾಗಾದರೆ ಹುಟ್ಟಿನಿಂದ ಬರುವುದು ಏನು? ಉತ್ತರದ ಬಹುಭಾಗ ರೋಗನಿರೋಧಕ ವ್ಯವಸ್ಥೆಯಲ್ಲಿದೆ. ವಸಡಿನ ಸಂದಿಯನ್ನು ಕಾಯುವವರಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿರಕ್ತಕಣ ಮುಖ್ಯವಾದುದು; ಆರೋಗ್ಯವಂತ ಬಾಯಿಯಲ್ಲೂ ಈ ಕಣಗಳು ನಿಮಿಷಕ್ಕೆ ಸುಮಾರು 30,000ದಂತೆ ರಕ್ತನಾಳದಿಂದ ಹೊರಬಂದು, ವಸಡಿನ ಮೂಲಕ ಹಾದು, ಸಂದಿಯ ಬಾಯಲ್ಲಿ ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ. ಪಾಚಿಯ ಒತ್ತಡ ಹೆಚ್ಚಿದಾಗ ವಸಡಿನ ಕೋಶಗಳು ಇಂಟರ್‌ಲ್ಯೂಕಿನ್-1, ಟಿಎನ್‌ಎಫ್ ಮುಂತಾದ ಸಂದೇಶವಾಹಕ ಪ್ರೋಟೀನುಗಳನ್ನು ಹೊರಸೂಸಿ ಇನ್ನಷ್ಟು ಬಿಳಿಕಣಗಳನ್ನು ಕರೆಸಿಕೊಳ್ಳುತ್ತವೆ. ಆದರೆ ಇದೇ ಸಂದೇಶಗಳು ಹಲ್ಲಿನ ನಾರುಗಳನ್ನು ಕತ್ತರಿಸುವ ಕಿಣ್ವಗಳ ಉತ್ಪಾದನೆಯನ್ನೂ, ಮೂಳೆಯನ್ನು ಕರಗಿಸುವ ಆಸ್ಟಿಯೊಕ್ಲಾಸ್ಟ್ ಎಂಬ ಕೋಶಗಳ ಸಂಖ್ಯೆಯನ್ನೂ ಏರಿಸುತ್ತವೆ. ಅಂದರೆ ಮೂಳೆಯನ್ನು ತಿನ್ನುವುದು ಸೂಕ್ಷ್ಮಜೀವಿಯಲ್ಲ, ಅದನ್ನು ಎದುರಿಸಲು ಹೊರಟ ದೇಹದ ಕೋಶವೇ. ಕೆಲವು ಸೂಕ್ಷ್ಮಜೀವಿಗಳು ಈ ವ್ಯವಸ್ಥೆಯನ್ನು ತಮ್ಮ ಲಾಭಕ್ಕೆ ತಿರುಚಿಕೊಳ್ಳಲೂ ಬಲ್ಲವು. ಪೋರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾವು ಬಾಯಿಯಲ್ಲಿ ಅತ್ಯಲ್ಪ ಸಂಖ್ಯೆಯಲ್ಲಿದ್ದರೂ, ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ರಕ್ಷಕ ಪ್ರೋಟೀನುಗಳ ಸರಣಿಯನ್ನು ಕೆಡಿಸಿ ನ್ಯೂಟ್ರೊಫಿಲ್‌ಗಳ ಕೊಲ್ಲುವ ಶಕ್ತಿಯನ್ನು ಕುಗ್ಗಿಸುತ್ತದೆ, ಉರಿಯೂತವನ್ನು ಮಾತ್ರ ಹಾಗೆಯೇ ಉರಿಯಲು ಬಿಡುತ್ತದೆ. ಜಾರ್ಜ್ ಹಜಿಶೆಂಗಾಲಿಸ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಇಲಿಗಳ ಪ್ರಯೋಗದಲ್ಲಿ, ಬೇರಾವ ಸೂಕ್ಷ್ಮಜೀವಿಯೂ ಇಲ್ಲದ ಇಲಿಯ ಬಾಯಿಗೆ ಇದೊಂದನ್ನೇ ಬಿಟ್ಟಾಗ ಮೂಳೆ ಕರಗಲಿಲ್ಲ. ಸಹಜ ಸೂಕ್ಷ್ಮಜೀವಿಗಳ ಜೊತೆಗಿದ್ದಾಗ ಕರಗಿತು. ಕಾಂಪ್ಲಿಮೆಂಟ್ ವ್ಯವಸ್ಥೆಯ ಕೆಲವು ಭಾಗಗಳೇ ಇಲ್ಲದ ಇಲಿಗಳಲ್ಲಿ ಮತ್ತೆ ಕರಗಲಿಲ್ಲ.

ರೋಗನಿರೋಧಕ ಶಕ್ತಿ ಎಂದರೆ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಔಷಧದಂಗಡಿಯ ಜಾಹೀರಾತುಗಳಿಂದಾಗಿ ಬಲವಾಗಿರುವ ಈ ಕಾಲದಲ್ಲಿ ಒಂದು ಅಪರೂಪದ ಕಾಯಿಲೆಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಲ್ಯೂಕೊಸೈಟ್ ಅಂಟಿಕೆಯ ಕೊರತೆ ಎಂಬ ಆ ಕಾಯಿಲೆಯಲ್ಲಿ, ಐಟಿಜಿಬಿ2 ಎಂಬ ವಂಶವಾಹಿಯ ದೋಷದಿಂದಾಗಿ ಬಿಳಿಕಣಗಳು ರಕ್ತನಾಳದ ಗೋಡೆಗೆ ಅಂಟಿಕೊಳ್ಳಲಾರವು, ಅಂಟಿಕೊಳ್ಳದೆ ಹೊರಬರಲಾರವು. ಹೀಗಾಗಿ ರಕ್ತದಲ್ಲಿ ನ್ಯೂಟ್ರೊಫಿಲ್‌ಗಳು ತುಂಬಿತುಳುಕುತ್ತಿದ್ದರೂ ವಸಡಿನಲ್ಲಿ ಒಂದೂ ಇರುವುದಿಲ್ಲ, ಬದುಕುಳಿದ ಮಕ್ಕಳು ಹಾಲುಹಲ್ಲುಗಳನ್ನೂ ಮುಂದೆ ಶಾಶ್ವತ ಹಲ್ಲುಗಳನ್ನೂ ಬೇಗನೆ ಕಳೆದುಕೊಳ್ಳುತ್ತಾರೆ. ಕಾವಲಿಲ್ಲದ ಕಡೆ ಸೂಕ್ಷ್ಮಜೀವಿಗಳು ನುಗ್ಗಿ ಮೂಳೆಯನ್ನು ಹಾಳುಮಾಡುತ್ತವೆ ಎಂಬುದೇ ದಶಕಗಳ ಕಾಲ ಒಪ್ಪಿತವಾಗಿದ್ದ ವಿವರಣೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ನಿಕಿ ಮೌಟ್ಸೊಪೌಲೊಸ್ ಮತ್ತು ಸಹೋದ್ಯೋಗಿಗಳು ಇಂಥ ರೋಗಿಗಳ ವಸಡನ್ನು ಪರೀಕ್ಷಿಸಿ 2014ರಲ್ಲಿ ಬೇರೊಂದು ಚಿತ್ರವನ್ನು ಮುಂದಿಟ್ಟರು. ಬಾವಿಯಿಂದ ನೀರೆತ್ತುವ ಮೋಟಾರು ತೊಟ್ಟಿ ತುಂಬಿದ ಸೂಚನೆ ಸಿಕ್ಕಾಗ ನಿಲ್ಲುವಂತೆ, ನ್ಯೂಟ್ರೊಫಿಲ್‌ಗಳು ವಸಡನ್ನು ತಲುಪಿ, ಕೆಲಸ ಮುಗಿಸಿ ಸತ್ತು, ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳಿಗೆ ಆಹಾರವಾದಾಗ ‘ಇನ್ನು ಸಾಕು’ ಎಂಬ ಸೂಚನೆ ಹೊರಟು, ಇಂಟರ್‌ಲ್ಯೂಕಿನ್-23 ಮತ್ತು ಇಂಟರ್‌ಲ್ಯೂಕಿನ್-17 ಎಂಬ ಕರೆಯುವ ಸಂದೇಶಗಳು ತಗ್ಗುತ್ತವೆ. ಈ ರೋಗಿಗಳಲ್ಲಿ ಕಣಗಳು ತಲುಪುವುದೇ ಇಲ್ಲವಾದ್ದರಿಂದ ಕರೆ ನಿಲ್ಲುವುದೂ ಇಲ್ಲ. ಇಂಟರ್‌ಲ್ಯೂಕಿನ್-17 ಮಿತಿಮೀರಿ ಏರಿ, ಆ ಏರಿಕೆಯೇ ಮೂಳೆಯನ್ನು ಕರಗಿಸುತ್ತದೆ. 2017ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಈ ತಂಡವು ಅಂಥ ಒಬ್ಬ ಯುವಕನಿಗೆ, ಸೋರಿಯಾಸಿಸಿಗೆ ಬಳಸುವ ಉಸ್ಟೆಕಿನುಮಾಬ್ ಎಂಬ, ಇಂಟರ್‌ಲ್ಯೂಕಿನ್-23ನ್ನು ತಡೆಯುವ ಔಷಧವನ್ನು ಕೊಟ್ಟಾಗ ವಸಡಿನ ಉರಿಯೂತ ಇಳಿಯಿತು, ಬಹುಕಾಲದಿಂದ ಮಾಗದಿದ್ದ ಅವನ ಬೆನ್ನಿನ ಕೆಳಭಾಗದ ಹುಣ್ಣೂ ವಾಸಿಯಾಯಿತು. ರೋಗನಿರೋಧಕ ಕೊರತೆಯಿರುವ ಒಬ್ಬನಿಗೆ ರೋಗನಿರೋಧಕ ಪ್ರತಿಕ್ರಿಯೆಯನ್ನೇ ತಗ್ಗಿಸುವ ಮದ್ದು ಫಲಕೊಟ್ಟದ್ದು ವಸಡಿನ ರೋಗವನ್ನು ನೋಡುವ ದೃಷ್ಟಿಯನ್ನೇ ಬದಲಿಸಿತೆಂದರೆ ಅತಿಶಯೋಕ್ತಿಯಾಗದು. ಸಾಮಾನ್ಯ ಪೆರಿಯೊಡಾಂಟೈಟಿಸಿಗೆ ಈ ಔಷಧ ಬೇಕೆಂದು ಇದರಿಂದ ಯಾರೂ ತಿಳಿಯಬಾರದು. ಪ್ರತಿಕ್ರಿಯೆಯ ಕೊರತೆಯಂತೆಯೇ ಅದರ ಅತಿರೇಕವೂ ಹಲ್ಲನ್ನು ಬೀಳಿಸಬಲ್ಲದು ಎಂಬುದಷ್ಟೇ ಇಲ್ಲಿ ತಿಳಿಯಬೇಕಾದದ್ದು.

ಒಂದೇ ವಂಶವಾಹಿಯ ದೋಷದಿಂದ ಹಲ್ಲು ಬೀಳುವ ಇನ್ನೊಂದು ಕಾಯಿಲೆಗೆ ದಕ್ಷಿಣ ಭಾರತದೊಂದಿಗೆ ನೇರವಾದ ಸಂಬಂಧವಿದೆ. 1924ರಲ್ಲಿ ಪಾಪಿಯೊನ್ ಮತ್ತು ಲೆಫೆವ್ರ್ ಎಂಬ ಇಬ್ಬರು ಫ್ರೆಂಚ್ ವೈದ್ಯರು ವರ್ಣಿಸಿದ ಈ ಕಾಯಿಲೆಯಲ್ಲಿ ಅಂಗೈ ಮತ್ತು ಅಂಗಾಲಿನ ಚರ್ಮ ದಪ್ಪಗಾಗಿ ಒಡೆಯುತ್ತದೆ, ಹಾಲುಹಲ್ಲುಗಳು ನಾಲ್ಕೈದು ವರ್ಷಕ್ಕೇ ಅಲ್ಲಾಡಿ ಬೀಳುತ್ತವೆ, ಶಾಶ್ವತ ಹಲ್ಲುಗಳೂ ಹದಿಹರೆಯದಲ್ಲೇ ಅದೇ ದಾರಿ ಹಿಡಿಯುತ್ತವೆ. ಹನ್ನೊಂದನೆಯ ವರ್ಣತಂತುವಿನ ಮೇಲಿರುವ ಸಿಟಿಎಸ್‌ಸಿ ಎಂಬ ವಂಶವಾಹಿಯ ದೋಷವೇ ಇದಕ್ಕೆ ಕಾರಣವೆಂದು 1999ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ಕಂಡುಹಿಡಿದವು. ಈ ವಂಶವಾಹಿ ರೂಪಿಸುವ ಕೆಥೆಪ್ಸಿನ್-ಸಿ ಎಂಬ ಕಿಣ್ವವು ನ್ಯೂಟ್ರೊಫಿಲ್‌ನೊಳಗಿನ ಇತರ ಕಿಣ್ವಗಳನ್ನು ಚುರುಕುಗೊಳಿಸಬೇಕು. ಅದಿಲ್ಲದಿದ್ದರೆ ಕಣಗಳು ವಸಡನ್ನು ತಲುಪಿದರೂ ಅವುಗಳ ಆಯುಧಗಳು ನಿಷ್ಕ್ರಿಯವಾಗಿರುತ್ತವೆ. ಇದೇ ವಂಶವಾಹಿಯ ಬೇರೊಂದು ದೋಷದಿಂದ ಬರುವ, ಬೆರಳುಗಳ ಮೂಳೆಗೂ ಉಗುರಿಗೂ ವಿಕಾರವನ್ನುಂಟುಮಾಡುವ ಕಾಯಿಲೆಯನ್ನು 1965ರಲ್ಲಿ ಹೈಮ್ ಮತ್ತು ಮುಂಕ್ ಅವರು ವರ್ಣಿಸಿದ್ದು ಕೊಚ್ಚಿ ಮೂಲದ ಯಹೂದಿ ಕುಟುಂಬದಲ್ಲಿ. ಚಿಕ್ಕ ಸಮುದಾಯದೊಳಗೇ ತಲೆಮಾರುಗಳ ಕಾಲ ಮದುವೆಗಳು ನಡೆದಾಗ ಅಪರೂಪದ ದೋಷವೊಂದು ಹೇಗೆ ಬೆಳಕಿಗೆ ಬರುತ್ತದೆ ಎಂಬುದಕ್ಕೆ ಅದೊಂದು ನಿದರ್ಶನ. ಏಕೆಂದರೆ ಈ ಕಾಯಿಲೆಗಳು ಅಪ್ರಬಲ ರೀತಿಯಲ್ಲಿ ಸಾಗಿಬರುವಂಥವು. ದೋಷವುಳ್ಳ ಪ್ರತಿಯೊಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದು ಕೂಡಿದಾಗ ಮಾತ್ರ ಮಗುವಿನಲ್ಲಿ ಕಾಯಿಲೆ ಕಾಣಿಸಿಕೊಳ್ಳುತ್ತದೆ, ಒಂದೇ ಪ್ರತಿಯುಳ್ಳ ತಂದೆತಾಯಿಯರು ಆರೋಗ್ಯವಾಗಿಯೇ ಇರುತ್ತಾರೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿಂದಾಗಿ ಹೀಗೆ ಕೂಡಿಬರುವ ಸಂಭವ ಏರುತ್ತದೆ, ಮತ್ತು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಗಳಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು ಇಂಥ ರಕ್ತಸಂಬಂಧದವು. ಹತ್ತು ಲಕ್ಷದಲ್ಲಿ ಒಬ್ಬರಿಂದ ನಾಲ್ವರಿಗೆ ಬರುವ ಕಾಯಿಲೆಗಾಗಿ ಎಲ್ಲರೂ ಭಯಪಡಬೇಕಾಗಿಲ್ಲ. ಆದರೆ ಆರು ವರ್ಷ ತುಂಬದ ಮಗುವಿನ ಹಾಲುಹಲ್ಲು ಪೆಟ್ಟು ಬೀಳದೆ ಅಲ್ಲಾಡುತ್ತಿದ್ದರೆ ‘ಹಾಲುಹಲ್ಲು ತಾನೆ, ಬಿದ್ದರೆ ಬೀಳಲಿ’ ಎಂದು ಸುಮ್ಮನಾಗದೆ, ಅಂಗೈ ಅಂಗಾಲುಗಳನ್ನೂ ನೋಡಿ ಮಕ್ಕಳ ವೈದ್ಯರಿಗೂ ದಂತವೈದ್ಯರಿಗೂ ತೋರಿಸುವುದು ಆ ಮನೆಯ ಹಿರಿಯರ ಹೊಣೆ.

ಈ ಪತ್ರವನ್ನು ಓದುವವರ ಮನೆಗಳಲ್ಲಿರುವುದು ಬಹುಮಟ್ಟಿಗೆ ಇಂಥ ಏಕವಂಶವಾಹಿಯ ಕಾಯಿಲೆಯಲ್ಲ. ಹರೆಯದಲ್ಲಿ ಆರಂಭವಾಗುವ ಸಾಮಾನ್ಯ ಬಗೆಯ ಪೆರಿಯೊಡಾಂಟೈಟಿಸಿನಲ್ಲಿ ಅನೇಕ ವಂಶವಾಹಿಗಳು, ಪ್ರತಿಯೊಂದೂ ಸ್ವಲ್ಪಸ್ವಲ್ಪವೇ, ಪಾಲುಗೊಳ್ಳುತ್ತವೆ. ಹೆಚ್ಚಾಗಿ ಯುರೋಪಿನ ಜನರ ಮೇಲೆ ನಡೆದ ಶೋಧಗಳಲ್ಲಿ 2010ರಲ್ಲಿ ಜಿಎಲ್‌ಟಿ6ಡಿ1, 2017ರಲ್ಲಿ ಸಿಗ್ಲೆಕ್5 ಮತ್ತು ಡಿಇಎಫ್‌ಎ1ಎ3 ಎಂಬ ವಂಶವಾಹಿಗಳ ನೆರೆಹೊರೆ ಈ ರೋಗದೊಂದಿಗೆ ತಳುಕುಹಾಕಿಕೊಂಡಿರುವುದು ಕಂಡುಬಂದಿತು. ಕೊನೆಯ ಎರಡೂ ಬಿಳಿರಕ್ತಕಣಗಳ ಕೆಲಸಕ್ಕೆ ಸಂಬಂಧಿಸಿದವು. ಹೃದಯದ ರಕ್ತನಾಳಗಳ ಕಾಯಿಲೆಗೆ ಹೆಸರಾದ, ಒಂಬತ್ತನೆಯ ವರ್ಣತಂತುವಿನ ಒಂದು ಭಾಗವು ಎಳೆಯರ ವಸಡಿನ ರೋಗದಲ್ಲೂ ಪಾಲುಗೊಂಡಿದೆಯೆಂದು 2009ರಲ್ಲಿ ತಿಳಿಯಿತು. ಇವುಗಳಲ್ಲಿ ಯಾವುದೂ ಒಬ್ಬ ವ್ಯಕ್ತಿಯ ಭವಿಷ್ಯವನ್ನು ಹೇಳುವಷ್ಟು ಪ್ರಬಲವಲ್ಲ.

ಇದನ್ನು ಒತ್ತಿಹೇಳಲು ಕಾರಣ, ವಂಶವಾಹಿ ಪರೀಕ್ಷೆಯ ಮಾರುಕಟ್ಟೆ. ಇಂಟರ್‌ಲ್ಯೂಕಿನ್-1ರ ವಂಶವಾಹಿಯಲ್ಲಿನ ಎರಡು ಬದಲಾವಣೆಗಳು ಜೊತೆಗಿರುವ, ಧೂಮಪಾನ ಮಾಡದವರಲ್ಲಿ ತೀವ್ರ ರೋಗ ಹೆಚ್ಚೆಂದು 1997ರಲ್ಲಿ ಪ್ರಕಟವಾದ ವರದಿಯನ್ನು ಆಧರಿಸಿ ಅಮೆರಿಕದಲ್ಲಿ ಪರೀಕ್ಷೆಯೊಂದು ಮಾರಾಟಕ್ಕೆ ಬಂದಿತು. ಮುಂದಿನ ಅಧ್ಯಯನಗಳ ಫಲಿತಾಂಶ ಒಂದಕ್ಕೊಂದು ತಾಳೆಯಾಗಲಿಲ್ಲ. ಚೀನೀ ಮೂಲದವರಲ್ಲಿ ಆ ಜೋಡಿ ಬದಲಾವಣೆ ನೂರಕ್ಕೆ ಎರಡು ಮೂರು ಮಂದಿಯಲ್ಲಷ್ಟೇ ಕಂಡುಬಂದಿತು, ಆದರೆ ರೋಗವೇನೂ ಅವರಲ್ಲಿ ಅಷ್ಟು ವಿರಳವಾಗಿರಲಿಲ್ಲ. ಒಂದು ಜನಾಂಗದಲ್ಲಿ ಕಂಡ ಸಂಬಂಧವನ್ನು ಇನ್ನೊಂದಕ್ಕೆ ಹಾಗೆಯೇ ಹೊದಿಸಲಾಗದು ಎಂಬ ಪಾಠ ಕನ್ನಡ ನಾಡಿನವರಿಗೂ ಅನ್ವಯಿಸುತ್ತದೆ. ಎಂಜಲಿನ ಮಾದರಿ ಕಳುಹಿಸಿದರೆ ವಸಡಿನ ಭವಿಷ್ಯ ಹೇಳುತ್ತೇವೆ ಎನ್ನುವವರಿಗೆ ಹಣ ತೆರುವುದಕ್ಕಿಂತ, ಅಣ್ಣನಿಗೆ ಯಾವ ವಯಸ್ಸಿನಲ್ಲಿ ಯಾವ ಹಲ್ಲು ಹೋಯಿತು ಎಂಬ ಮಾಹಿತಿಯನ್ನು ದಂತವೈದ್ಯರಿಗೆ ಒಪ್ಪಿಸುವುದು ಹೆಚ್ಚು ಉಪಯುಕ್ತ. ಅದಕ್ಕೆ ಖರ್ಚೂ ಇಲ್ಲ.

ಮನೆಯವರೆಲ್ಲ ಹಂಚಿಕೊಳ್ಳುವುದು ವಂಶವಾಹಿಗಳನ್ನಷ್ಟೇ ಅಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಬಾಯಿಯ ಸೂಕ್ಷ್ಮಜೀವಿಗಳು ಎಂಜಲಿನ ಮೂಲಕ ತಾಯಿಯಿಂದ ಮಗುವಿಗೆ, ಗಂಡನಿಂದ ಹೆಂಡತಿಗೆ ದಾಟುತ್ತವೆ. ಎಳೆಯರ ವಸಡಿನ ರೋಗದಲ್ಲಿ ಪಾತ್ರವುಳ್ಳ, ಉದ್ದ ಹೆಸರಿನ ಅಗ್ರಿಗ್ಯಾಟಿಬ್ಯಾಕ್ಟರ್ ಆಕ್ಟಿನೊಮೈಸೆಟೆಮ್‌ಕೊಮಿಟಾನ್ಸ್ ಎಂಬ ಬ್ಯಾಕ್ಟೀರಿಯಾದ ಜೆಪಿ2 ಎಂಬ ತಳಿಯು ಬಿಳಿಕಣಗಳನ್ನು ಕೊಲ್ಲುವ ವಿಷವನ್ನು ಅತಿಯಾಗಿ ಉತ್ಪಾದಿಸುತ್ತದೆ. ಮೊರಾಕ್ಕೊ ದೇಶದ ಹರೆಯದವರನ್ನು ಎರಡು ವರ್ಷ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಬ್ಯಾಕ್ಟೀರಿಯಾವೇ ಇಲ್ಲದವರಿಗೆ ಹೋಲಿಸಿದರೆ ಜೆಪಿ2 ತಳಿಯನ್ನು ಹೊತ್ತವರಲ್ಲಿ ರೋಗ ಆರಂಭವಾಗುವ ಸಂಭವ ಸುಮಾರು ಹದಿನೆಂಟು ಪಟ್ಟು ಹೆಚ್ಚಿತ್ತು. ಆ ತಳಿ ಮುಖ್ಯವಾಗಿ ಉತ್ತರ ಮತ್ತು ಪಶ್ಚಿಮ ಆಫ್ರಿಕದ ಜನರಲ್ಲಿ ಹರಡಿರುವಂಥದು. ಆದರೂ ಒಂದು ಮನೆಯಲ್ಲಿ ರೋಗ ಸಾಲುಸಾಲಾಗಿ ಬಂದರೆ ಅದೆಲ್ಲವನ್ನೂ ರಕ್ತದ ತಪ್ಪೆನ್ನುವ ಮೊದಲು ಈ ಸಾಧ್ಯತೆಯನ್ನೂ ಎಣಿಸಬೇಕಾಗುತ್ತದೆ.

ಹುಟ್ಟಿನಿಂದ ಬಂದ ಒಲವನ್ನು ರೋಗವಾಗಿ ಪಕ್ವಗೊಳಿಸುವ ಹೊರಗಿನ ಕಾರಣಗಳಲ್ಲಿ ತಂಬಾಕು ಮತ್ತು ಸಕ್ಕರೆ ಕಾಯಿಲೆ ಎರಡೂ ಎಲ್ಲರಿಗೂ ಪರಿಚಿತ. ಬೀಡಿ, ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಒಸರುವುದರಿಂದ ರೋಗ ಒಳಗೊಳಗೇ ಸಾಗುತ್ತಿದ್ದರೂ ಹೊರಗೆ ವಸಡು ಗಟ್ಟಿಯಾಗಿರುವಂತೆ ತೋರುತ್ತದೆ. ‘ರಕ್ತ ಬರುವುದಿಲ್ಲ, ಆದ್ದರಿಂದ ವಸಡು ಚೆನ್ನಾಗಿದೆ’ ಎಂಬ ಅವರ ತರ್ಕ ಇದರಿಂದಾಗಿಯೇ ದಾರಿತಪ್ಪುತ್ತದೆ. ಕಡ್ಡಿಪುಡಿ, ಹೊಗೆಸೊಪ್ಪು ಇಟ್ಟುಕೊಳ್ಳುವವರಲ್ಲಿ ಅದನ್ನು ಒತ್ತರಿಸುವ ಜಾಗದ ವಸಡೇ ಜಾರಿಹೋಗುತ್ತದೆ. ಹತೋಟಿಯಲ್ಲಿಲ್ಲದ ಸಕ್ಕರೆಯು ಉರಿಯೂತವನ್ನು ಹೆಚ್ಚಿಸುತ್ತದೆ, ಹೆಚ್ಚಿದ ಉರಿಯೂತವು ಸಕ್ಕರೆಯ ಹತೋಟಿಯನ್ನು ಕೆಡಿಸುತ್ತದೆ. ತಾಯಿತಂದೆಯಿಂದ ಬಂದದ್ದನ್ನು ಬದಲಿಸಲಾಗದಿದ್ದರೂ ಇವೆರಡನ್ನು ಬದಲಿಸಬಹುದಾದ್ದರಿಂದ, ವಂಶದಲ್ಲಿ ರೋಗವಿರುವವರಿಗೆ ಇವು ಉಳಿದವರಿಗಿಂತ ಹೆಚ್ಚು ಮುಖ್ಯ.

ಇನ್ನು ಪರೀಕ್ಷೆಯ ವಿಷಯ. ಕನ್ನಡಿಯಲ್ಲಿ ನೋಡಿಕೊಂಡರೆ ಮೂಳೆಯ ಸ್ಥಿತಿ ತಿಳಿಯದು. ‘ಚೆಕಪ್’ ಹೆಸರಿನಲ್ಲಿ ಟಾರ್ಚು ಹಾಕಿ ಹುಳುಕನ್ನಷ್ಟೇ ನೋಡಿ ಕಳುಹಿಸಿದರೂ ತಿಳಿಯದು. ಮಿಲಿಮೀಟರಿನ ಗುರುತುಗಳುಳ್ಳ, ಮೊಂಡು ತುದಿಯ ಸಣ್ಣ ಕಡ್ಡಿಯೊಂದನ್ನು ಪ್ರತಿ ಹಲ್ಲಿನ ಸುತ್ತ ಆರು ಕಡೆ ವಸಡಿನ ಸಂದಿಗೆ ಮೆಲ್ಲಗೆ ಇಳಿಸಿ ಆಳವನ್ನು ಬರೆದುಕೊಳ್ಳುವುದು, ಅಗತ್ಯವಿದ್ದಲ್ಲಿ ಎಕ್ಸ್‌ರೇ ತೆಗೆದು ಮೂಳೆಯ ಮಟ್ಟವನ್ನು ನೋಡುವುದು, ಇದೇ ಸರಿಯಾದ ಪರೀಕ್ಷೆ. ಎಳೆಯರಲ್ಲಿ ರೋಗವು ಹೆಚ್ಚಾಗಿ ಆರನೆಯ ವಯಸ್ಸಿಗೆ ಹುಟ್ಟುವ ಮೊದಲ ದವಡೆಹಲ್ಲುಗಳನ್ನೂ ಮುಂದಿನ ಬಾಚಿಹಲ್ಲುಗಳನ್ನೂ ಹಿಡಿಯುವುದರಿಂದ, ಹದಿಹರೆಯದ ಮಕ್ಕಳಲ್ಲಿ ಈ ಹಲ್ಲುಗಳನ್ನು ಅಳೆದರೂ ಬಹುಮಟ್ಟಿಗೆ ಸುಳಿವು ಸಿಗುತ್ತದೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ನಂಬಿಕೆಯಿಂದ ಹಿಂಜರಿಯುವವರಿಗೆ ಹೇಳಬೇಕಾದ ಮಾತೆಂದರೆ, ಮೂಳೆ ಮೊದಲೇ ಕರಗಿದ್ದು, ಕಿಟ್ಟವು ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿಕೊಂಡು ಆ ಸಡಿಲವನ್ನು ಮರೆಮಾಡಿರುತ್ತದೆ, ಅಷ್ಟೇ.

2017ರಲ್ಲಿ ಅಮೆರಿಕ ಮತ್ತು ಯುರೋಪಿನ ವಸಡುತಜ್ಞರ ಸಂಘಗಳು ಕೂಡಿ ರೂಪಿಸಿ ಮರುವರ್ಷ ಪ್ರಕಟಿಸಿದ ವರ್ಗೀಕರಣವು, ಮೊದಲು ಬಳಕೆಯಲ್ಲಿದ್ದ ‘ಉಗ್ರ’ ಮತ್ತು ‘ದೀರ್ಘಕಾಲಿಕ’ ಎಂಬ ಭೇದವನ್ನು ಕೈಬಿಟ್ಟು, ಹಾನಿಯ ಪ್ರಮಾಣವನ್ನು ನಾಲ್ಕು ಹಂತಗಳಲ್ಲೂ, ಹಾನಿಯ ವೇಗವನ್ನು ಎ, ಬಿ, ಸಿ ಎಂಬ ಮೂರು ದರ್ಜೆಗಳಲ್ಲೂ ಹೇಳುತ್ತದೆ. ವೇಗದ ಲೆಕ್ಕ ಸರಳ: ಅತ್ಯಂತ ಹಾಳಾದ ಹಲ್ಲಿನ ಬೇರಿನ ಉದ್ದದಲ್ಲಿ ನೂರಕ್ಕೆ ಎಷ್ಟು ಪಾಲು ಮೂಳೆ ಕರಗಿದೆಯೋ ಆ ಅಂಕಿಯನ್ನು ವಯಸ್ಸಿನಿಂದ ಭಾಗಿಸಿದಾಗ ಒಂದಕ್ಕಿಂತ ಹೆಚ್ಚು ಬಂದರೆ ಅದು ಅತಿ ವೇಗದ ಸಿ ದರ್ಜೆ. ಅರುವತ್ತರ ವ್ಯಕ್ತಿಯಲ್ಲಿ ಶೇ. 30ರಷ್ಟು ಕರಗಿದ್ದರೆ ಉತ್ತರ ಅರ್ಧ, ಅಂದರೆ ಮಧ್ಯಮ ವೇಗ. ಇಪ್ಪತ್ತೆಂಟರ ಯುವತಿಯಲ್ಲಿ ಶೇ. 50ರಷ್ಟು ಕರಗಿದ್ದರೆ ಉತ್ತರ ಒಂದೂ ಮುಕ್ಕಾಲನ್ನು ದಾಟುತ್ತದೆ. ದಿನಕ್ಕೆ ಹತ್ತು ಅಥವಾ ಹೆಚ್ಚು ಸಿಗರೇಟು ಸೇದುವವರನ್ನೂ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇ. 7 ಅಥವಾ ಹೆಚ್ಚಿರುವ ಮಧುಮೇಹಿಗಳನ್ನೂ ಇದೇ ದರ್ಜೆಗೆ ಏರಿಸಲಾಗುತ್ತದೆ. ಈ ವರ್ಗೀಕರಣದಲ್ಲಿ ವಂಶವಾಹಿ ಪರೀಕ್ಷೆಗೆ ಸ್ಥಾನ ಕೊಟ್ಟಿಲ್ಲದಿರುವುದು ಸರಿಯಾದ ನಿರ್ಧಾರ. ವಯಸ್ಸು ಮತ್ತು ಮೂಳೆಯ ಮಟ್ಟವನ್ನು ಜೊತೆಗಿಟ್ಟು ನೋಡಿದಾಗ, ವಂಶವಾಹಿಗಳೂ ರೋಗನಿರೋಧಕ ಪ್ರತಿಕ್ರಿಯೆಯೂ ಅಭ್ಯಾಸಗಳೂ ಸೇರಿ ಅದುವರೆಗೆ ಮಾಡಿದ ಒಟ್ಟು ಪರಿಣಾಮವೇ ಅಂಕಿಯಾಗಿ ಕಾಣಿಸುತ್ತದೆ.

ರೋಗ ಆರಂಭವಾಗಿರುವುದು ಕಂಡುಬಂದರೆ ಚಿಕಿತ್ಸೆಯ ಮೊದಲ ಮೆಟ್ಟಿಲು ಬೇರಿನ ಮೇಲಿನ ಪಾಚಿ ಮತ್ತು ಕಿಟ್ಟವನ್ನು ವಸಡಿನ ಕೆಳಗಿನವರೆಗೂ ತೆಗೆದುಹಾಕುವುದು. ವೇಗವಾಗಿ ಸಾಗುವ ರೋಗದಲ್ಲಿ ವೈದ್ಯರು ಅದರ ಜೊತೆಗೆ ಕೆಲವು ದಿನ ಪ್ರತಿಜೈವಿಕಗಳನ್ನೂ ಕೊಡಬಹುದು, ಆದರೆ ಅಣ್ಣನಿಗೆ ಬರೆದುಕೊಟ್ಟ ಚೀಟಿಯನ್ನು ಹಿಡಿದು ತಮ್ಮನಿಗೂ ಅದೇ ಮಾತ್ರೆಯನ್ನು ಅಂಗಡಿಯಿಂದ ತರುವುದು ತಪ್ಪು. ಬಳಿಕ ಸುಮಾರು ಮೂರು ತಿಂಗಳಿಗೊಮ್ಮೆ ಮರುಪರೀಕ್ಷೆ ಮತ್ತು ಶುಚಿಗೊಳಿಸುವಿಕೆ ಬೇಕಾಗುತ್ತದೆ. ಬಹುತೇಕ ರೋಗಿಗಳು ತಪ್ಪಿಸುವುದು ಇದನ್ನೇ. ರೋಗ ಕಂಡುಬರದಿದ್ದರೂ ಮೊದಲ ಸಲದ ಅಳತೆಯ ಪ್ರತಿಯನ್ನು ವೈದ್ಯರಿಂದ ಕೇಳಿ ಪಡೆದು, ಹಲ್ಲು ಕಳೆದುಕೊಂಡ ಒಡಹುಟ್ಟಿದವರ ಹಳೆಯ ಎಕ್ಸ್‌ರೇಗಳೊಂದಿಗೆ ಇಟ್ಟುಕೊಳ್ಳುವುದು ಮತ್ತು ವರ್ಷ ತುಂಬಿದಾಗ ಅದನ್ನು ಹಿಡಿದುಕೊಂಡೇ ಮತ್ತೆ ಹೋಗುವುದು ಅಗತ್ಯ, ಏಕೆಂದರೆ ಒಂದು ಅಳತೆಯಿಂದ ಆಳವಷ್ಟೇ ತಿಳಿಯುತ್ತದೆ, ಆ ಆಳ ಬೆಳೆಯುತ್ತಿದೆಯೇ ಇಲ್ಲವೇ ಎಂಬುದು ಎರಡನೆಯ ಅಳತೆ ಬಂದ ಮೇಲೆಯೇ ಗೊತ್ತಾಗುವುದು.